ಖಾಲಿ ರೋಡು

ನಮ್ಮ ಹಾಸ್ಟೆಲ್ಲಿನಲ್ಲಿ ಸೈಕಲ್ ಟ್ರಿಪ್ ಅಂದರೆ ಮೊದಲು ಬರುವ ಹೆಸರು ಚಿಕ್ಕಮಗಳೂರು, ಆಮೇಲೆ ಕೊಡಗು. ಗುಡ್ಡ, ಕಾಡು, ಮಂಜು ಎಲ್ಲಾ ಇದೆ, ಒಪ್ಪೋಣ. ಆದರೆ ಶನಿವಾರ ಬೆಳಿಗ್ಗೆ ಮುಳ್ಳಯ್ಯನಗಿರಿ ದಾರಿಯಲ್ಲಿ ಕಾರುಗಳ ಸಾಲಿನ ಹಿಂದೆ ಹೊಗೆ ಕುಡಿಯುತ್ತಾ ಏರೋದಕ್ಕೆ ಸೈಕಲ್ ಯಾಕೆ ಬೇಕು? ನಾವು ನಾಲ್ಕು ಜನ ಹುಡುಕುತ್ತಿದ್ದದ್ದು ಇಷ್ಟೇ: ಗುಡ್ಡ ಇರಬೇಕು, ಸ್ವಲ್ಪ ಕಾಡು ಇರಬೇಕು, ಹಿಂದಿನಿಂದ ಹಾರ್ನ್ ಕೇಳಬಾರದು.

ನಮ್ಮಲ್ಲೊಬ್ಬನ ಊರು ಹಿರೇಹಡಗಲಿ. ಮಲ್ಲಿಗೆಯ ಹೂವಿನಹಡಗಲಿ ಅಲ್ಲ, ಅದೇ ತಾಲೂಕಿನ ಇನ್ನೊಂದು ಹಡಗಲಿ. ಅಲ್ಲಿ 1057ರ ಕಲ್ಲೇಶ್ವರ ಗುಡಿ ಇದೆ, ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ಮಂತ್ರಿ ದೇಮರಸ ಕಟ್ಟಿಸಿದ್ದು. ಪಲ್ಲವರ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳಿಗೂ ಇದೇ ಊರಿನ ಹೆಸರು. "ನಮ್ಮೂರು ಇತಿಹಾಸದ ಪುಸ್ತಕದಾಗ ಐತಿ, ನಿಮ್ಮ ಟ್ರಿಪ್ ಲಿಸ್ಟಿನ್ಯಾಗ ಮಾತ್ರ ಇಲ್ಲ" ಅಂತ ಅವನ ಗೊಣಗಾಟ. ದಸರಾ ರಜೆಗೆ ಅವನ ಮನೆಯಿಂದಲೇ ಹೊರಟೆವು. ಗುರಿ ಹೊಳೆಯಾಚೆಯ ಕಪ್ಪತಗುಡ್ಡ.

ದಾರಿ ಸುಲಭ. ಹೂವಿನಹಡಗಲಿಗೆ ಬಂದು, ಮದಲಗಟ್ಟಿ ಹತ್ತಿರ ತುಂಗಭದ್ರೆಯ ಸೇತುವೆ ದಾಟಿದರೆ ಕೊರ್ಲಹಳ್ಳಿ. ಅಲ್ಲಿಂದ ಮುಂಡರಗಿ, ಡಂಬಳ, ಡೋಣಿ. ಸೇತುವೆ ದಾಟಿದರೆ ವಿಜಯನಗರ ಜಿಲ್ಲೆ ಮುಗಿದು ಗದಗ ಜಿಲ್ಲೆ ಶುರು. ಮುಖ್ಯ ರಸ್ತೆಯಲ್ಲಿ ಬಸ್ಸು, ಟಿಪ್ಪರು, ಟ್ರ್ಯಾಕ್ಟರು ಇದ್ದೇ ಇರುತ್ತವೆ, ಅದನ್ನು ಬೇಗ ಮುಗಿಸಿಬಿಡಬೇಕು. ಒಳರಸ್ತೆಗೆ ಬಿದ್ದರೆ ಬೇರೆಯೇ ಲೋಕ. ಅಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿರ್ತಾರೆ. ಡಾಂಬರು ಬೇಗ ಕಾಯುತ್ತೆ, ಗಾಡಿ ಓಡಾಡಲ್ಲ, ಕಣಕ್ಕೆ ಇನ್ನೇನು ಬೇಕು? ಒಂದು ಕಡೆ ಕಾವಲಿಗೆ ಕೂತಿದ್ದ ಅಜ್ಜ, "ಕಾಳಿನ ಮ್ಯಾಲೆ ಹತ್ತಿಸಬ್ಯಾಡ್ರೋ ತಮ್ಮಾ, ಜಾರಿ ಬೀಳ್ತೀರಿ" ಅಂದ. ಅವನಿಗೆ ಚಿಂತೆ ಇದ್ದದ್ದು ನಮ್ಮದೋ ಕಾಳಿಂದೋ ಗೊತ್ತಾಗಲಿಲ್ಲ. ಕೆಳಗಿಳಿದು ತಳ್ಳಿಕೊಂಡು ದಾಟಿದೆವು.

ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿ ನೋಡದೆ ಮುಂದೆ ಹೋಗಬೇಡಿ. ಗುಡಿಯ ತಳವಿನ್ಯಾಸ ಇಪ್ಪತ್ನಾಲ್ಕು ಮೂಲೆಯ ನಕ್ಷತ್ರ. ಆಟೋಕ್ಯಾಡ್‌ನಲ್ಲಿ ಒಂದು ಚೌಕ ತಿರುಗಿಸಿ ತಿರುಗಿಸಿ ಹಾಕಿದರೆ ಬರುವ ಆಕಾರವನ್ನು ಅವರು ಕಲ್ಲಿನಲ್ಲಿ ತಂದಿದ್ದಾರೆ. ಸಿವಿಲ್‌ನವರು ಅಲ್ಲಿಂದ ಏಳಲು ಅರ್ಧ ಗಂಟೆ ತಗೊಂಡರು.

ಡೋಣಿ ದಾಟಿದ ಮೇಲೆ ಏರು. ಇಲ್ಲಿ ಸ್ವಲ್ಪ ಲೆಕ್ಕ ಹೇಳಲೇಬೇಕು, ಎಂಜಿನಿಯರಿಂಗ್ ಕಾಲೇಜಿನ ಪತ್ರಿಕೆ ಅಲ್ವಾ. ಸವಾರ, ಸೈಕಲ್, ಬ್ಯಾಗು ಸೇರಿ 85 ಕೆ.ಜಿ. ಅಂದ್ಕೊಳ್ಳಿ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 8 ಕಿ.ಮೀ. ಹೋಗಬೇಕಾದರೆ ಬರೀ ಗುರುತ್ವಕ್ಕೇ ಸುಮಾರು 110 ವ್ಯಾಟ್ ಬೇಕು. ಗೇರಿಲ್ಲದ ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತಿಗೆ ಐದು ಮೀಟರ್ ಚಿಲ್ಲರೆ. ಅಂದರೆ ಆ ವೇಗಕ್ಕೆ ನಿಮಿಷಕ್ಕೆ 26 ಸುತ್ತು. ಎದ್ದು ನಿಂತು ತುಳಿದರೂ ಮೊಣಕಾಲು ನಡುಗುತ್ತೆ. ಮುಂದೆ 28, ಹಿಂದೆ 28 ಹಲ್ಲಿನ ಗೇರಿದ್ದರೆ ಅದೇ ವ್ಯಾಟಿಗೆ ನಿಮಿಷಕ್ಕೆ 63 ಸುತ್ತು, ಕೂತೇ ಏರಬಹುದು. ಶಕ್ತಿ ಒಂದೇ, ಸುಖ ಬೇರೆ. ಗೇರಿಲ್ಲದ ಸೈಕಲ್ ತಂದಿದ್ದವನು ಹಿರೇಹಡಗಲಿಯವನೇ. ಅವನೇ ಮೊದಲು ಮೇಲೆ ಮುಟ್ಟಿದ. ಲೆಕ್ಕ ಯಾಕೋ ಅವನಿಗೆ ಅನ್ವಯಿಸಲಿಲ್ಲ.

ಕಪ್ಪತಗುಡ್ಡ ಅಂದರೆ ಮಲೆನಾಡಿನ ದಟ್ಟ ಕಾಡು ಅಲ್ಲ. ಕುರುಚಲು ಗಿಡ, ಎದೆಮಟ್ಟದ ಹುಲ್ಲು, ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡಸಾಲು. ತೋಳ, ಚಿರತೆ, ಕತ್ತೆಕಿರುಬ ಇವೆ. ಗಾಳಿಗೂ ಹೆಸರುವಾಸಿ, ನೆತ್ತಿಯುದ್ದಕ್ಕೂ ಗಾಳಿಯಂತ್ರಗಳು. ಆಷಾಢದಲ್ಲಿ ಬಂದರೆ ಇಳಿಜಾರಲ್ಲೂ ಪೆಡಲ್ ತುಳಿಯಬೇಕಾಗುತ್ತೆ ಅಂತ ಹೆದರಿಸಿದ್ದರು, ಅದಕ್ಕೇ ದಸರಾ ತನಕ ಕಾದದ್ದು. ಮೇಲೆ ನಿಂತಾಗ ಕೇಳಿಸಿದ್ದು ರೆಕ್ಕೆಗಳ ಸುಯ್ ಸುಯ್ ಮತ್ತು ನಮ್ಮ ಏದುಸಿರು. ಒಂದು ತಾಸಿನಿಂದ ಒಂದು ಗಾಡಿಯೂ ಎದುರಾಗಿರಲಿಲ್ಲ.

ಈ ನಿಶ್ಶಬ್ದ ತಾನಾಗಿ ಬಂದದ್ದಲ್ಲ. ಗುಡ್ಡದ ಹೊಟ್ಟೆಯಲ್ಲಿ ಕಬ್ಬಿಣದ ಅದಿರಿದೆ, ಚಿನ್ನವೂ ಇದೆ. 2015ರ ಡಿಸೆಂಬರಿನಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಮೀಸಲು ಪ್ರದೇಶ ಅಂತ ಘೋಷಿಸಿತು, 2016ರಲ್ಲಿ ಘೋಷಣೆಯನ್ನು ವಾಪಸ್ ತಗೊಂಡಿತು. ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದಾಳಾಗಿ ಜನ ಧರಣಿ ಕೂತರು. 2017ರಲ್ಲಿ ಮತ್ತೆ ಘೋಷಣೆ ಆಯಿತು, 2019ರ ಮೇ ತಿಂಗಳಲ್ಲಿ 244 ಚದರ ಕಿ.ಮೀ. ವನ್ಯಜೀವಿಧಾಮವಾಯಿತು. ಆ ಜನ ಕೂರದೇ ಇದ್ದಿದ್ದರೆ ನಾವು ಏರಿದ ದಾರಿಯಲ್ಲಿ ಲಾರಿಗಳು ಏರುತ್ತಿದ್ದವೋ ಏನೋ.

ಇದನ್ನೆಲ್ಲ ಮಾತಾಡ್ತಾ ಕೂತಾಗ ಸಂಡೂರಿನ ಗೆಳೆಯ ಸುಮ್ಮನಿದ್ದ. ಕೊನೆಗೆ, "ನಿಮಗ ಖಾಲಿ ರೋಡು, ನಮ್ಮಪ್ಪಗ ಖಾಲಿ ಲಾರಿ" ಅಂದ.

ಅವನ ಊರೂ ಗುಡ್ಡ ಕಾಡಿನದೇ. 1934ರಲ್ಲಿ ಗಾಂಧೀಜಿ ಬಂದುಹೋದ ಊರು. ಅದಿರಿಗೆ ಚೀನಾದಿಂದ ಬೇಡಿಕೆ ಬಂದ ಕಾಲದಲ್ಲಿ ಅಲ್ಲಿನ ಗಿಡ, ಮನೆ, ಸ್ಕೂಲ್ ಯೂನಿಫಾರ್ಮ್ ಎಲ್ಲಾ ಕೆಂಪು. ಹೊಸಪೇಟೆ, ಗದಗ, ಹುಬ್ಬಳ್ಳಿ ಮೇಲೆ ಬೇಲೆಕೇರಿ ಬಂದರಿನ ತನಕ ಲಾರಿ ಸಾಲು. ಅವರಪ್ಪ ಸಾಲ ಮಾಡಿ ಒಂದು ಲಾರಿ ತಗೊಂಡರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಮರುವರ್ಷ ಕಡಿಮೆ ಅಕ್ರಮ ಕಂಡ 'ಎ' ವರ್ಗದ ಗಣಿಗಳು ಮತ್ತೆ ಶುರುವಾದವು, ಅಷ್ಟರೊಳಗೆ ಅವರ ಲಾರಿ ಹೋಗಿತ್ತು. ರೋಡು ಖಾಲಿಯಾದ ಆ ವರ್ಷ ಅವನು ಬೀದಿಯಲ್ಲಿ ಸೈಕಲ್ ಕಲಿತನಂತೆ. ಅದಕ್ಕೂ ಮೊದಲು ಮಕ್ಕಳನ್ನು ಆ ರಸ್ತೆಗೆ ಬಿಡುತ್ತಲೇ ಇರಲಿಲ್ಲ.

"ಹಂಗಾದ್ರ ಬಂದ್ ಮಾಡಿದ್ದು ಚಲೋ ಆತೋ ಇಲ್ಲೋ?" ಅಂತ ಕೇಳಿದೆವು.

"ಗಣಿ ಬಂದ್ ಆಗಿದ್ದು ಚಲೋ ಆತು. ಬಡ್ಡಿ ಬಂದ್ ಆಗಲಿಲ್ಲ ನೋಡು."

ನಮ್ಮ ವಾದ ಅಲ್ಲಿಗೆ ಮುಗಿಯಲಿಲ್ಲ, ಮುಗಿಯುವಂಥದ್ದೂ ಅಲ್ಲ. ಮುಂದಿನ ವರ್ಷ ಕ್ಯಾಂಪಸ್ಸಿಗೆ ಸ್ಟೀಲ್ ಕಂಪನಿ ಬಂದರೆ ನಮ್ಮಲ್ಲಿ ಇಬ್ಬರು ಮೆಕ್ಯಾನಿಕಲ್‌ನವರು ಲೈನಿನಲ್ಲಿ ಮೊದಲು ನಿಲ್ಲುವವರೇ. ನಾವು ಏರಿ ಬಂದ ಸೈಕಲ್ಲಿನ ಫ್ರೇಮೂ ಯಾವುದೋ ಗುಡ್ಡದ್ದೇ. ಆದರೂ ಕಪ್ಪತಗುಡ್ಡ ಮುಟ್ಟಬಾರದು ಅಂತ ನಾಲ್ಕು ಜನರೂ ಒಪ್ಪಿದೆವು. ಸಂಡೂರಿನವನು ಎಲ್ಲರಿಗಿಂತ ಮೊದಲು ಒಪ್ಪಿದ.

ಇಳಿಯುವಾಗ ಬ್ರೇಕ್ ಒಂದೇ ಸಮ ಹಿಡಿಯಬೇಡಿ, ರಿಮ್ ಕಾಯುತ್ತೆ. ಹಿಡಿದು ಬಿಟ್ಟು ಹಿಡಿದು ಬಿಟ್ಟು ಇಳಿಯಿರಿ. ಗುಡ್ಡದ ಕೆಳಗೆ ಬೇವಿನ ಮರದಡಿ ಗಂಟು ಇಟ್ಟುಕೊಂಡು ಒಬ್ಬ ಯವ್ವ ಕೂತಿದ್ದಳು.

"ಯಪ್ಪಾ, ಹಿಂದ ಬಸ್ಸು ಬರಾಕತ್ತಿತ್ತೇನು?"

"ಇಲ್ಲಬೇ ಯವ್ವಾ, ತಾಸಾತು, ಒಂದೂ ಗಾಡಿ ನೋಡಿಲ್ಲ."

ಗುಡ್ಡದ ಮೇಲೆ ಖುಷಿಯಿಂದ ಹೇಳಿಕೊಂಡಿದ್ದ ಅದೇ ಮಾತು. ಅವಳು ನಕ್ಕಳು. "ಟಿಕೀಟು ಪುಕ್ಕಟ ಮಾಡ್ಯಾರ, ಬಸ್ಸು ಬರಬೇಕಲ್ಲ." ಆಸ್ಪತ್ರೆಗೆ ಹೊರಟವಳು. ನಮ್ಮ ನಾಲ್ಕು ಸೈಕಲ್ಲಿನಲ್ಲಿ ಕ್ಯಾರಿಯರ್ ಇದ್ದದ್ದು ಗೇರಿಲ್ಲದ್ದಕ್ಕೆ ಒಂದೇ. ಕೂರ್ತೀಯೇನು ಅಂತ ಹಿರೇಹಡಗಲಿಯವನು ಕೇಳಿದ್ದಕ್ಕೆ, "ನಿನ್ನ ಕಾಲು ನೋಡಿಕ್ಯಾ ಮೊದಲು" ಅಂದಳು. ಮುಕ್ಕಾಲು ತಾಸು ಕೂತು ಮಾತಾಡಿದೆವು, ಬಸ್ಸು ಬಂತು, ಹತ್ತಿಸಿ ಹೊರಟೆವು. ಮುಂಡರಗಿಯಲ್ಲಿ ಒಗ್ಗರಣಿ ಮಂಡಕ್ಕಿ, ಮಿರ್ಚಿ ತಿಂದದ್ದನ್ನು ವರ್ಣಿಸಲು ಸಂಪಾದಕರು ಜಾಗ ಕೊಟ್ಟಿಲ್ಲ.

ಹೋಗುವವರಿಗೆ: ಇಬ್ಬರಿಗೆ ಒಂದು ಪಂಪು, ಎರಡು ಟ್ಯೂಬು, ತಲೆಗೆ ಮೂರು ಲೀಟರ್ ನೀರು. ಜಾಲಿಮುಳ್ಳು ಯಾರನ್ನೂ ಬಿಡಲ್ಲ. ವನ್ಯಜೀವಿಧಾಮದ ಒಳದಾರಿಗೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಕಾಲಿಡಿ. ಬೆಂಕಿಪೊಟ್ಟಣ ಒಯ್ಯಬೇಡಿ, ಬೇಸಿಗೆಯಲ್ಲಿ ಆ ಹುಲ್ಲಿಗೆ ಒಂದು ಕಿಡಿ ಸಾಕು.

ಮುಂದಿನ ಸವಾರಿ ಸೆಪ್ಟೆಂಬರಿನಲ್ಲಿ ಸಂಡೂರಿಗೆ, ನಾರಿಹಳ್ಳದಿಂದ ಕುಮಾರಸ್ವಾಮಿ ಗುಡಿಯ ತನಕ. ಅದಿರಿನ ಲಾರಿ ಯಾವ ಹೊತ್ತಿಗೆ ಯಾವ ರಸ್ತೆಯಲ್ಲಿ ಇರಲ್ಲ ಅಂತ ಗೆಳೆಯನ ಅಪ್ಪನನ್ನು ಕೇಳಿ ದಾರಿ ಗೊತ್ತುಮಾಡಬೇಕು. ಅವರು ಈಗ ಬೇರೆಯವರ ಲಾರಿ ಓಡಿಸುತ್ತಾರೆ.