ಮೋಮಿನಪುರದ ಪ್ರೆಸ್ಸಿನಲ್ಲಿ ಮದುವೆ ಕಾರ್ಡು

ಕಲಬುರಗಿಗೆ ಬಂದವರು ಕೋಟೆ ನೋಡುತ್ತಾರೆ, ಶರಣಬಸವೇಶ್ವರರ ಗುಡಿಗೆ ಹೋಗುತ್ತಾರೆ, 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಕೈಮುಗಿದು ಬಸ್ಸು ಹತ್ತುತ್ತಾರೆ. ಆದರೆ ಸೋದರಿಯರೇ, ಮನೆಯಲ್ಲೇ ಕೂತು ನಾಲ್ಕು ಕಾಸು ದುಡಿಯುವ ಮನಸ್ಸು ನಿಮಗಿದ್ದರೆ ಮೋಮಿನಪುರದ ಓಣಿಗೂ ಒಮ್ಮೆ ಹೋಗಿಬನ್ನಿ. ಮೋಮಿನ್ ಎಂದರೆ ಅರಬ್ಬಿಯಲ್ಲಿ ನಂಬಿಕೆಯುಳ್ಳವನು. ನಮ್ಮ ದೇಶದ ಅನೇಕ ಕಡೆ ನೇಕಾರ ಸಮುದಾಯಕ್ಕೂ ಇದೇ ಹೆಸರು. ಕೈಕೆಲಸಕ್ಕೆ ಒಪ್ಪುವ ಹೆಸರೇ ಸರಿ!

ನಾನು ಹೋದದ್ದು ಕಮಲಾಪುರದ ಗೆಳತಿಯ ಜೊತೆ. ಹುಮನಾಬಾದ್ ರಸ್ತೆಯ ಕಮಲಾಪುರ ಗೊತ್ತಲ್ಲ, ಕೆಂಪು ಬಾಳೆಹಣ್ಣಿನ ಊರು. ಆಕೆ ಮದುವೆ ಕಾರ್ಡಿಗೆ ಬಟ್ಟೆಯ ಚೀಲ ಹೊಲಿದು, ಜರಿ ಹಚ್ಚಿ, ರೇಷ್ಮೆ ಗೊಂಡೆ ಕಟ್ಟುತ್ತಾಳೆ. ಒಳಗಿನ ಕಾರ್ಡು ಅಚ್ಚಾಗುವುದು ಮೋಮಿನಪುರದ ಒಂದು ಸಣ್ಣ ಪ್ರೆಸ್ಸಿನಲ್ಲಿ. ಈ ಸಲ 200 ಕಾರ್ಡಿನ ಆರ್ಡರು. ಆ ಹಣದಲ್ಲೇ ಮಗಳ ಕಾಲೇಜಿನ ಫೀಸು ಕಟ್ಟಬೇಕು. ತಡವಾದರೆ ಮದುವೆ ಮನೆಯವರು ಕೇಳುತ್ತಾರೆಯೇ?

ಇಷ್ಟು ಕಡಿಮೆ ಕಾರ್ಡಿಗೆ ಆಫ್‌ಸೆಟ್ ಯಂತ್ರ ಓಡಿಸಿದರೆ ಪ್ಲೇಟಿನ ಖರ್ಚೇ ಭಾರವಾಗುತ್ತದೆ. ಅದಕ್ಕೇ ಇಲ್ಲಿ ಸ್ಕ್ರೀನ್ ಪ್ರಿಂಟಿಂಗ್. ರಂಗೋಲಿಯ ತಗಡಿನ ಅಚ್ಚು ನೆನಪಿಸಿಕೊಳ್ಳಿ, ಹಾಗೆಯೇ! ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಯಲ್ಲಿ ಅಕ್ಷರವಿದ್ದ ಕಡೆ ಮಾತ್ರ ಬಣ್ಣ ಇಳಿಯುತ್ತದೆ. ರಬ್ಬರ್ ಪಟ್ಟಿ ಒಮ್ಮೆ ಎಳೆದರೆ ಒಂದು ಕಾರ್ಡು. ಒಂದೊಂದು ಬಣ್ಣಕ್ಕೂ ಬೇರೆ ಚೌಕಟ್ಟು. ಮೊದಲನೆಯದು ಒಣಗಿದ ಮೇಲೇ ಎರಡನೆಯದು. ಗೆಳತಿ ಬಂಗಾರದ ಬಣ್ಣ ಒಂದನ್ನೇ ಆರಿಸಿ, ಉಳಿದ ಅಂದವನ್ನು ಜರಿಗೆ ಬಿಟ್ಟಿದ್ದಳು. ಜಾಣೆ!

ಕಾರ್ಡಿನ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಉರ್ದು. ಪ್ರೆಸ್ಸಿನ ಯಜಮಾನರು ಹಾಳೆಯೊಂದನ್ನು ಮಡಚಿ ತೋರಿಸಿದರು. ಮಡಿಕೆ ಎಡಕ್ಕಿದ್ದಾಗ ಅದು ಕನ್ನಡದ ಮುಖಪುಟ. ತಿರುವಿ ಹಾಕಿದರೆ ಮಡಿಕೆ ಬಲಕ್ಕೆ ಬರುತ್ತದೆ. ಬಲದಿಂದ ಓದುವ ಉರ್ದುವಿಗೆ ಅದೇ ಮುಖಪುಟ. "ಈ ಕಾರ್ಡಿಗಿ ಬೆನ್ನs ಇಲ್ಲ ನೋಡ್ರಿ ಬಾಯಿ. ನಿಮ್ಮ ಚೀಲಕ್ಯಾಕ ಒಂದs ಕಡಿ ಜರಿ?" ಎಂದರು.

ಗೆಳತಿಯ ಮುಖ ಸಪ್ಪಗಾಯಿತು. ಎರಡು ಕಡೆ ಜರಿ ಎಂದರೆ ಖರ್ಚು ಇಮ್ಮಡಿಯಲ್ಲವೇ? ಸ್ವಲ್ಪ ಹೊತ್ತು ಯೋಚಿಸಿ, ಒಂದೇ ಕಡೆ ಎರಡು ಸಾಲು ಹಚ್ಚುತ್ತಿದ್ದದ್ದನ್ನು ಎರಡೂ ಕಡೆಗೆ ಒಂದೊಂದು ಸಾಲು ಮಾಡಿದಳು. ಜರಿಯೂ ಅಷ್ಟೇ, ಖರ್ಚೂ ಅಷ್ಟೇ! ಫೋನಿನಲ್ಲೇ ಆರ್ಡರು ಹೇಳಿ ಮುಗಿಸಿದ್ದರೆ ಈ ಮಾತು ಬರುತ್ತಿತ್ತೇ?

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಕಲ್ಲಚ್ಚಿನಲ್ಲೇ ಹೊರಬಂದದ್ದು. ಉರ್ದುವೂ ಬಹುಕಾಲ ಕಲ್ಲಚ್ಚನ್ನೇ ನಂಬಿತ್ತು. ಕಾತಿಬರು ಕೈಯಲ್ಲಿ ಅಂದವಾಗಿ ಬರೆದದ್ದು ಅಚ್ಚಾಗುತ್ತಿತ್ತು. ಈಗ ಎರಡೂ ಕಂಪ್ಯೂಟರಿಗೆ ಬಂದಿವೆ. ಹಾಗೆಂದು ಮೈಮರೆಯುವಂತಿಲ್ಲ. ಮೊಬೈಲಿನಲ್ಲಿ ಟೈಪು ಮಾಡಿ ಕಳಿಸಿದ ಕನ್ನಡ ಪ್ರೆಸ್ಸಿನ ಅಕ್ಷರಕ್ಕೆ ಬದಲಾಗುವಾಗ ಒತ್ತಕ್ಷರ ಕೆಡುವುದುಂಟು. ಸೊನ್ನೆ ಬಿಟ್ಟರೆ 'ಬಂಡಿ' ಹೋಗಿ 'ಬಡಿ' ಆಗುತ್ತದೆ! ಉರ್ದುವಿನಲ್ಲೂ ಕೆಳಗೆ ಒಂದು ಚುಕ್ಕಿಯಿದ್ದರೆ 'ಬ', ಮೂರಿದ್ದರೆ 'ಪ'.

ಆದ್ದರಿಂದ ಪ್ರೂಫ್ ಬಂದಾಗ ಅವಸರ ಬೇಡ. ಹೆಸರು, ತಾರೀಖು, ವಾರ, ಸ್ಥಳ ನಾಲ್ಕನ್ನೂ ಬೆರಳಿಟ್ಟು ಗಟ್ಟಿಯಾಗಿ ಓದಿ. ಸಣ್ಣ ಅಕ್ಷರ ಬೇಡವೆನ್ನಿ. ಒತ್ತಿನ ಸಂದಿಯಲ್ಲಿ ಬಣ್ಣ ತುಂಬಿಕೊಳ್ಳುತ್ತದೆ. ನಿಮಗೆ ಬಾರದ ಲಿಪಿಯಿದ್ದರೆ ಮದುವೆ ಮನೆಯವರನ್ನೇ ಕರೆಸಿ. ಅಂದು ಉರ್ದು ಪುಟವನ್ನು ಮದುಮಗಳ ಚಿಕ್ಕಮ್ಮ ಓದಿದರು, ಕನ್ನಡವನ್ನು ಗೆಳತಿ ಓದಿದಳು. ಇಬ್ಬರೂ ಸಹಿ ಹಾಕಿದ ಮೇಲೇ ಯಜಮಾನರು ಬಂಗಾರದ ಬಣ್ಣದ ಡಬ್ಬಿಯ ಮುಚ್ಚಳ ತೆಗೆದರು.