ಮುತ್ಯಾನ ಕೇಸಿನ ತಾರೀಖುಗಳು

ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯ ಗೆಳತಿ ಜನಪದ ಕಾವ್ಯಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಪಕ್ಕದ ಕೋಣೆಯವಳದು ಪಶ್ಚಿಮ ಘಟ್ಟದ ಕಪ್ಪೆಗಳ ಮೇಲೆ. ಅವರ ವಿಷಯ ಕೇಳಿದವರು ಮತ್ತೆರಡು ಪ್ರಶ್ನೆ ಕೇಳುತ್ತಾರೆ. ನನ್ನ ವಿಷಯ ಕೇಳಿದವರು ಸುಮ್ಮನಾಗುತ್ತಾರೆ. ಸರ್ಕಾರಿ ಸಂಸ್ಥೆಗಳು ವಕೀಲರನ್ನು ಹೇಗೆ ಆರಿಸುತ್ತವೆ, ಅವರಿಗೆ ಎಷ್ಟು ಕೊಡುತ್ತವೆ, ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ ಎನ್ನುವುದು ನನ್ನ ಸಂಶೋಧನೆ. 'ಇದರಲ್ಲಿ ಏನಿದೆ?' ಎಂದು ಒಬ್ಬರು ನೇರವಾಗಿಯೇ ಕೇಳಿದ್ದರು. ಇದರಲ್ಲಿ ನನ್ನ ಮುತ್ಯಾ ಇದ್ದಾನೆ ಎಂದು ಹೇಳಲು ಆಗ ನಾಲಗೆ ಬರಲಿಲ್ಲ.

ನಾನು ಹುಟ್ಟಿದ ವರ್ಷ, 1997ರಲ್ಲಿ, ನಮ್ಮ ಹೊಲದಲ್ಲಿ ಮೂರು ಎಕರೆ ಕೆನಾಲಿಗೆ ಹೋಯಿತು. ಕೊಟ್ಟ ಪರಿಹಾರ ಸಾಲದೆಂದು ಮುತ್ಯಾ ಸಿವಿಲ್ ಕೋರ್ಟಿಗೆ ಹೋದ. ತಾರೀಖು ಇದ್ದ ದಿನ ಬೆಳಿಗ್ಗೆ ಆಯಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಡುತ್ತಿದ್ದಳು. ಮುತ್ಯಾ ಧೋತರ ಉಟ್ಟು, ಟೊಪಗಿ ಹಾಕಿಕೊಂಡು ಮೊದಲ ಬಸ್ಸಿಗೆ ಹೋಗುತ್ತಿದ್ದ. ಸಂಜೆ ಬಂದು ಕಟ್ಟೆಯ ಮೇಲೆ ಕೂತು, 'ಮುಂದ ಹಾಕ್ಯಾರ' ಅನ್ನುತ್ತಿದ್ದ. ಅಷ್ಟೇ. 2006ರಲ್ಲಿ ಅವನು ತೀರಿಕೊಂಡ. ತೀರ್ಪಿನ ಹಣ ಬಂದದ್ದು 2009ರಲ್ಲಿ.

ಸಂಶೋಧನೆ ಶುರುವಾದ ಮೇಲೆ ನಾನು ಆ ಕಡತದ ನಕಲು ತೆಗೆಸಿ ಓದಿದೆ. ಒಟ್ಟು ನಲವತ್ತೊಂದು ತಾರೀಖುಗಳು. ಅವುಗಳಲ್ಲಿ ಹದಿನೇಳು ಸಲ ಎದುರಿನ ಸಂಸ್ಥೆಯ ವಕೀಲರು ಸಮಯ ಕೇಳಿದ್ದರು, ಇಲ್ಲವೇ ಬಂದೇ ಇರಲಿಲ್ಲ. ನಮ್ಮ ವಕೀಲರೂ ಆರು ಸಲ ಸಮಯ ಕೇಳಿದ್ದು ಅಲ್ಲೇ ಬರೆದಿತ್ತು. ಅದನ್ನು ನಾನು ಮನೆಯಲ್ಲಿ ಹೇಳಿಲ್ಲ.

ಸರ್ಕಾರ ಕುರ್ಚಿ, ಕಂಪ್ಯೂಟರ್ ಕೊಳ್ಳುವಾಗ ದಾರಿ ಸ್ಪಷ್ಟವಾಗಿದೆ. ನಮ್ಮ ರಾಜ್ಯದಲ್ಲಿ 1999ರ ಪಾರದರ್ಶಕತೆ ಕಾಯ್ದೆ ಇದೆ. ಟೆಂಡರ್ ಕರೆಯಬೇಕು, ದರ ಹೋಲಿಸಬೇಕು. ವಕೀಲರ ವಿಷಯದಲ್ಲಿ ಈ ದಾರಿ ನೆಟ್ಟಗೆ ಹೋಗುವುದಿಲ್ಲ. ವಕೀಲರು ಕೆಲಸ ಕೇಳಿಕೊಂಡು ಹೋಗಬಾರದು, ಜಾಹೀರಾತು ಕೊಡಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಹೇಳುತ್ತದೆ. ಹಾಗಾಗಿ ಬಹಳಷ್ಟು ಸಂಸ್ಥೆಗಳು ವಕೀಲರ ಪ್ಯಾನೆಲ್ ಮಾಡಿಕೊಂಡು, ಶುಲ್ಕದ ಪಟ್ಟಿಯೊಂದನ್ನು ನಿಗದಿ ಮಾಡುತ್ತವೆ. ಆ ಪ್ಯಾನೆಲ್ಲಿಗೆ ಯಾರು ಹೇಗೆ ಸೇರುತ್ತಾರೆ ಎನ್ನುವುದೇ ಮೊದಲ ತೊಡಕು. ರಾಜ್ಯ ಸರ್ಕಾರಗಳು ತಮ್ಮ ಕಾನೂನು ಅಧಿಕಾರಿಗಳನ್ನು ನೇಮಿಸುವಾಗ ಮನಸ್ಸಿಗೆ ಬಂದಂತೆ ಮಾಡುವಂತಿಲ್ಲ, ಅರ್ಹತೆ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ಹೇಳಿತು.

ಎರಡನೆಯ ತೊಡಕು ಶುಲ್ಕದ್ದು. ಇಡೀ ಕೇಸಿಗೆ ಇಂತಿಷ್ಟೇ ಎಂದು ಸಣ್ಣ ಮೊತ್ತ ಕೊಟ್ಟರೆ ಆ ಕಡತ ಕಪಾಟಿನ ತಳಕ್ಕೆ ಹೋಗುತ್ತದೆ. ಹಾಜರಾದ ದಿನಕ್ಕೆ ಇಷ್ಟು ಎಂದು ಕೊಟ್ಟರೆ ತಾರೀಖುಗಳು ಬೆಳೆಯುತ್ತವೆ. ಲಿಖಿತ ಹೇಳಿಕೆ, ಸಾಕ್ಷಿ, ವಾದ ಎಂದು ಹಂತ ಹಂತವಾಗಿ ಕೊಡುವುದು ಇವೆರಡಕ್ಕಿಂತ ವಾಸಿ ಎಂದು ನನಗೆ ಕಾಣುತ್ತದೆ.

ಆದರೆ ಸಂಸ್ಥೆಗಳ ಲೆಕ್ಕದಲ್ಲಿ ಉಳಿತಾಯವೆಂದರೆ ವಕೀಲರ ಬಿಲ್ಲು ಮಾತ್ರ. ಮುತ್ಯಾನ ಕೇಸಿಗೆ ಅನ್ವಯಿಸಿದ್ದು 1894ರ ಭೂಸ್ವಾಧೀನ ಕಾಯ್ದೆ. ಅದರ ಪ್ರಕಾರ ಕೋರ್ಟು ಹೆಚ್ಚಿಸಿದ ಪರಿಹಾರದ ಮೇಲೆ, ಜಮೀನು ವಶಪಡಿಸಿಕೊಂಡ ಮೊದಲ ವರ್ಷಕ್ಕೆ ಶೇ. 9, ಆಮೇಲೆ ವರ್ಷಕ್ಕೆ ಶೇ. 15 ಬಡ್ಡಿ. ಹೆಚ್ಚಾದ ಮೊತ್ತ ಎರಡು ಲಕ್ಷ ಎಂದಿಟ್ಟುಕೊಳ್ಳಿ. ಹನ್ನೆರಡು ವರ್ಷ ಎಳೆದರೆ ಬಡ್ಡಿಯೇ 3 ಲಕ್ಷ 48 ಸಾವಿರ. ವಕೀಲರ ಬಿಲ್ಲಿನಲ್ಲಿ ಉಳಿಸಿದ ಕೆಲವು ಸಾವಿರಕ್ಕೆ ಸಾರ್ವಜನಿಕ ಹಣದಿಂದ ತೆತ್ತ ಬೆಲೆ ಇದು.

ಹೋದ ವರ್ಷ ಆ ಸಂಸ್ಥೆಯ ಪರ ಆಗ ಕೆಲಸ ಮಾಡುತ್ತಿದ್ದ ವಕೀಲರೊಬ್ಬರನ್ನು ಹುಡುಕಿಕೊಂಡು ಹೋದೆ. ಸಿಟ್ಟು ಇಟ್ಟುಕೊಂಡೇ ಹೋಗಿದ್ದೆ. ವಯಸ್ಸಾದವರು, ಚಹಾ ತರಿಸಿದರು. ಯಾರ ಮೊಮ್ಮಗಳು ಎಂದು ನಾನೂ ಮುಚ್ಚಿಡಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

'ನೋಡವ್ವಾ, ನಾ ತಪ್ಪ ಮಾಡಿಲ್ಲ ಅನ್ನಂಗಿಲ್ಲ. ಖರೆ ನನ್ನ ಬಿಲ್ಲು ಎರಡೆರಡು ವರ್ಷ ನಿಂದರತಿದ್ದುವು. ನಾಳೆ ಸಾಕ್ಷಿ ಅಂದ್ರ ಇವತ್ತ ಸಂಜಿಗೆ ಫೈಲ್ ಕಳಸವ್ರು, ಅದರಾಗ ಬೇಕಾದ ಕಾಗದಾನ ಇರತಿರಲಿಲ್ಲ. ಸಮಯ ಕೇಳದ ಏನ್ ಮಾಡ್ಲಿ?'

'ರಾಜಿ ಮಾಡಬಹುದಿತ್ತಲ್ಲ ಸರ್?' ಎಂದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದೇ ಕೊನೆ, ಮೇಲ್ಮನವಿ ಇಲ್ಲ.

ಅವರು ನಕ್ಕರು. 'ಸಹಿ ಮಾಡವ್ರು ಯಾರು? ಕೋರ್ಟು ಹೇಳ್ತು ಅಂತ ಐದು ಲಕ್ಷ ಕೊಟ್ರ ಆಫೀಸರ್‌ನ ಯಾರೂ ಕೇಳಂಗಿಲ್ಲ. ರಾಜಿ ಮಾಡಿ ಮೂರು ಲಕ್ಷ ಕೊಟ್ರ, ಯಾಕ ಕೊಟ್ಟಿ ಅಂತ ಆಡಿಟ್‌ನವ್ರು ಬರ್ತಾರ.'

ನಾಲ್ಕು ವರ್ಷ ಓದಿದ ನಿಯಮಾವಳಿಗಳಲ್ಲಿ ನನಗೆ ಸಿಗದ ಉತ್ತರ ಅದು. ಪ್ಯಾನೆಲ್ಲಿಗೆ ಒಳ್ಳೆಯವರನ್ನೇ ಆರಿಸಬಹುದು, ಶುಲ್ಕವನ್ನೂ ಸರಿಪಡಿಸಬಹುದು. ಆದರೆ ಕಾಗದ ಸಕಾಲಕ್ಕೆ ಕಳಿಸುವ, ಈ ಕೇಸು ಮುಂದುವರಿಸುವುದು ಬೇಡ ಎಂದು ಬರೆದು ಸಹಿ ಹಾಕುವ ಒಬ್ಬರು ಕಚೇರಿಯ ಒಳಗೆ ಬೇಕು. ಹಾಗೆ ಸಹಿ ಹಾಕಿದವರಿಗೆ ರಕ್ಷಣೆಯೂ ಬೇಕು. ಸರ್ಕಾರ ದಕ್ಷ, ಜವಾಬ್ದಾರಿಯುತ ಕಕ್ಷಿದಾರನಾಗಬೇಕು ಎಂದು 2010ರ ರಾಷ್ಟ್ರೀಯ ವ್ಯಾಜ್ಯ ನೀತಿ ಹೇಳಿತ್ತು. ಆ ಮಾತಿಗೆ ನಮ್ಮ ತಾಲೂಕಿನಲ್ಲಿ ಒಂದು ಮೇಜು, ಒಂದು ಪೆನ್ನು ಬೇಕಾಗಿತ್ತು. ನನ್ನ ಪ್ರಬಂಧದ ಕೊನೆಯ ಅಧ್ಯಾಯವನ್ನು ಈಗ ಬದಲಿಸಿ ಬರೆಯುತ್ತಿದ್ದೇನೆ.

ಈ ಸಲ ಊರಿಗೆ ಹೋದಾಗ ಆಯಿಗೆ ಬಡ್ಡಿಯ ಲೆಕ್ಕ ಬಿಡಿಸಿ ಹೇಳಿದೆ. ತಡವಾಗಿದ್ದಕ್ಕೇ ನಮಗೆ ಹೆಚ್ಚು ಸಿಕ್ಕಿತು ಎಂದೆ. ಆ ಹಣದಲ್ಲೇ ಮನೆಗೆ ಸ್ಲ್ಯಾಬ್ ಹಾಕಿಸಿದ್ದು. ಆಯಿ ಮೇಲೆ ಒಮ್ಮೆ ನೋಡಿದಳು.

'ನಿನ್ನ ಮುತ್ಯಾ ಇದರ ಕೆಳಗ ಒಂದ ದಿನಾನೂ ಮಲಗಲಿಲ್ಲ' ಅಂದಳು. ಮತ್ತೆ, 'ನೀ ಬರದ ಪುಸ್ತಕ ಆ ಆಫೀಸಿನವ್ರು ಓದತಾರೇನು?' ಎಂದು ಕೇಳಿದಳು.

'ಗೊತ್ತಿಲ್ಲ ಆಯಿ' ಎಂದೆ.

'ಕನ್ನಡದಾಗ ಬರಿ' ಎಂದು ಹೇಳಿ ಒಲೆಯ ಕಡೆ ಎದ್ದು ಹೋದಳು.