ಏರಿದ್ದನ್ನು ಇಳಿಸುವ ಲೆಕ್ಕ

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಕಡೆಯ ಹುಡುಗರಿಗೆ ಸೈಕಲ್ ಹೊಸದೇನಲ್ಲ. ಡೇರಿಗೆ ಹಾಲು ಹಾಕುವುದಕ್ಕೂ ಅದೇ, ಹೈಸ್ಕೂಲಿಗೆ ಹೋಗುವುದಕ್ಕೂ ಅದೇ. ಅಪ್ಪನ ಕಾಲದ ಅಟ್ಲಾಸ್ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತವರಿದ್ದಾರೆ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿಗೆ ಬಂದಾಗ ಸರ್ಕಾರದಿಂದ ಸೈಕಲ್ ಪಡೆದು ಕಲಿತವರೂ ಇದ್ದಾರೆ. ಆದರೆ ಇಲ್ಲಿಯ ನೆಲ ಬೆಟ್ಟದ ರಸ್ತೆಗಳದಲ್ಲ. ತಂಬಾಕಿನ ಹೊಲ, ಕೆರೆ ಏರಿ, ಅಲ್ಲೊಂದು ಇಲ್ಲೊಂದು ದಿಣ್ಣೆ. ಸೀಟಿನಿಂದ ಎದ್ದು ನಿಂತು ಇಪ್ಪತ್ತು ಸಲ ತುಳಿದರೆ ದಿಣ್ಣೆ ಮುಗಿಯಿತು. ತಾಲ್ಲೂಕಿನಲ್ಲೇ ಬೆಟ್ಟದಪುರದ ಬೆಟ್ಟವಿದೆ, ನಿಜ. ಆದರೆ ಸಿಡಿಲು ಮಲ್ಲಿಕಾರ್ಜುನನ ಗುಡಿಗೆ ಮೆಟ್ಟಿಲು ಹತ್ತಿಯೇ ಹೋಗಬೇಕು. ಸೈಕಲ್ಲಿಗೆ ಅಲ್ಲಿ ಕೆಲಸವಿಲ್ಲ.

ಹಾಗಾಗಿ ಈ ಕಡೆಯ ಹುಡುಗ ನಿಜವಾದ ಏರನ್ನು ಮೊದಲು ಕಾಣುವುದು ಪಿಯುಸಿಗೋ ಡಿಗ್ರಿಗೋ ಮೈಸೂರು ಸೇರಿದ ಮೇಲೆ. ಭಾನುವಾರ ನಸುಕಿನಲ್ಲಿ ಗೆಳೆಯರು ಎಬ್ಬಿಸುತ್ತಾರೆ. ಚಾಮುಂಡಿ ಬೆಟ್ಟಕ್ಕೆ ಸೈಕಲ್ಲಿನಲ್ಲಿ ಹೋಗೋಣ ಎಂಬ ಹುಮ್ಮಸ್ಸು. ವಿಷಯ ಊರಿಗೆ ಮುಟ್ಟಿದಾಗ ತಾಯಿಯ ಮಾತು ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಒಂದೇ: “ಅಷ್ಟೆತ್ತರಕ್ಕೆ ತುಳಿದ್ರೆ ಎದೆ ಏನಾಗ್ಬೇಕಪ್ಪ? ಸುಸ್ತಾದ್ರೆ ಇಳಿದು ತಳ್ಕಂಡು ಹೋಗು.” ತಂದೆ ಸಮಾಧಾನ ಹೇಳುತ್ತಾರೆ: “ಹತ್ತೋದೊಂದೇ ಕಷ್ಟ ಕಣೇ. ಬರೋವಾಗ ಇಳಿಜಾರು, ಸುಮ್ನೆ ಕೂತ್ಕಂಡು ಬಂದ್ರಾಯ್ತು.”

ತಾಯಿಯ ಆತಂಕವೂ ತಂದೆಯ ಸಮಾಧಾನವೂ ಸಹಜವೇ. ಆದರೆ ಎರಡೂ ಅದಲು ಬದಲಾಗಿವೆ.

ಮೊದಲು ಹತ್ತುವ ಲೆಕ್ಕ ನೋಡೋಣ. ಮೈಸೂರು ನಗರ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಚಾಮುಂಡಿ ಬೆಟ್ಟದ ನೆತ್ತಿ ಸುಮಾರು 1,060 ಮೀಟರ್. ಲೆಕ್ಕಕ್ಕೆ ಸುಲಭವಾಗಲೆಂದು ಏರನ್ನು 300 ಮೀಟರ್ ಎಂದುಕೊಳ್ಳಬಹುದು. ಹುಡುಗನ ತೂಕ 50 ಕಿಲೋ, ಸೈಕಲ್ಲಿನದು 20 ಕಿಲೋ. ಎಪ್ಪತ್ತು ಕಿಲೋ ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಎರಡು ಲಕ್ಷ ಜೂಲ್‌ಗಿಂತ ಸ್ವಲ್ಪ ಹೆಚ್ಚು. ದೊಡ್ಡ ಸಂಖ್ಯೆ ಎಂದು ಹೆದರಬೇಕಾಗಿಲ್ಲ. ಆಹಾರದ ಲೆಕ್ಕದಲ್ಲಿ ಇದು 50 ಕ್ಯಾಲೊರಿಯಷ್ಟೆ. ತಿಂದದ್ದರಲ್ಲಿ ಕಾಲುಭಾಗ ಮಾತ್ರ ಪೆಡಲಿಗೆ ಸಿಕ್ಕಿ ಉಳಿದದ್ದು ಮೈಯ ಬಿಸಿಯಾಗಿ ಹೋಗುವುದರಿಂದ 200 ಕ್ಯಾಲೊರಿ ಎನ್ನೋಣ. ಅರವತ್ತು ಗ್ರಾಂ ರಾಗಿ ಹಿಟ್ಟಿನ ಒಂದು ಸಣ್ಣ ಮುದ್ದೆಯಲ್ಲಿ ಅಷ್ಟು ಇರುತ್ತದೆ. ಗಾಳಿ, ಟೈರಿನ ಘರ್ಷಣೆ ಎಲ್ಲ ಸೇರಿದರೆ ಇನ್ನೊಂದು ತುತ್ತು. ಒಂದು ಮುದ್ದೆ ಉಂಡ ಮೈ ಚಾಮುಂಡಿ ಬೆಟ್ಟ ಹತ್ತುತ್ತದೆ ಎಂದರೆ ಹಾರನಹಳ್ಳಿಯಲ್ಲಿ ಯಾರೂ ಆಶ್ಚರ್ಯಪಡುವುದಿಲ್ಲ.

ಹಾಗಿದ್ದರೆ ಏದುಸಿರೇಕೆ? ಶಕ್ತಿಯ ಮೊತ್ತ ದೊಡ್ಡದೆಂದಲ್ಲ, ಅದನ್ನು ಎಷ್ಟು ಹೊತ್ತಿನಲ್ಲಿ ಕೊಡಬೇಕು ಎನ್ನುವುದರಿಂದ. ನಲವತ್ತು ನಿಮಿಷದಲ್ಲಿ ಹತ್ತಿದರೆ ಕಾಲುಗಳು ಬರೀ ಎತ್ತುವುದಕ್ಕೇ 86 ವಾಟ್ ಕೊಡುತ್ತಿರಬೇಕು. ಇಪ್ಪತ್ತೇ ನಿಮಿಷದಲ್ಲಿ ಹತ್ತುತ್ತೇನೆಂದು ಹಟ ಹಿಡಿದರೆ ಅದು 170 ದಾಟುತ್ತದೆ. ಹೊಸಬರು ಮಾಡುವುದು ಇದನ್ನೇ. ಊರಿನ ದಿಣ್ಣೆಯ ಅಭ್ಯಾಸದಲ್ಲಿ ಮೊದಲ ತಿರುವಿಗೇ ಎದ್ದು ನಿಂತು ತುಳಿದು, ಎರಡನೆಯದರಲ್ಲಿ ಕಾಲು ನೆಲಕ್ಕೆ ಊರುತ್ತಾರೆ. ಪಕ್ಕದಲ್ಲಿ ನರೆತ ತಲೆಯ ಹಿರಿಯರೊಬ್ಬರು ಕುಳಿತಲ್ಲೇ ಕುಳಿತು, ಒಂದೇ ಲಯದಲ್ಲಿ ತುಳಿಯುತ್ತ ದಾಟಿ ಹೋಗುತ್ತಾರೆ. ಮುಂಜಾನೆಯ ಬೆಟ್ಟದ ರಸ್ತೆಯಲ್ಲಿ ಇಂಥ ದೃಶ್ಯ ಅಪರೂಪವಲ್ಲ.

ಗೇರಿನ ಉಪಕಾರವೂ ಇಲ್ಲೇ ಅರ್ಥವಾಗುವುದು. ಸಾಧಾರಣ ಊರ ಸೈಕಲ್ಲಿನಲ್ಲಿ ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ ಐದೂವರೆ ಮೀಟರಿನಷ್ಟು ಮುಂದೆ ಹೋಗುತ್ತದೆ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಅಂದರೆ ಒಂದೊಂದು ಸುತ್ತಿಗೂ ಆ ಎಪ್ಪತ್ತು ಕಿಲೋವನ್ನು 44 ಸೆಂಟಿಮೀಟರ್ ಎತ್ತಬೇಕು. ಮುಂದಿನ ಹಿಂದಿನ ಚಕ್ರಗಳ ಹಲ್ಲು ಸಮಸಮವಾಗಿರುವ ಕೆಳಗೇರಿನಲ್ಲಿ ಸುತ್ತಿಗೆ ಎರಡು ಮೀಟರ್ ಚಿಲ್ಲರೆ ಹೋದರೆ, ಎತ್ತಬೇಕಾದದ್ದು 17 ಸೆಂಟಿಮೀಟರ್. ಒಟ್ಟು ಕೆಲಸ ಒಂದು ಜೂಲ್ ಕೂಡ ಕಡಿಮೆಯಾಗಲಿಲ್ಲ. ಸಾಲ ಅಷ್ಟೇ ಇದೆ, ಕಂತು ಸಣ್ಣದಾಯಿತು. ಗೇರಿಲ್ಲದವನು ರಸ್ತೆಯಲ್ಲಿ ಹಾವಿನಂತೆ ಅಡ್ಡಡ್ಡ ಹೊಡೆದುಕೊಂಡು ಏರುತ್ತಾನಲ್ಲ, ಅದೂ ಕಂತಿನ ವ್ಯವಹಾರವೇ. ಬಸ್ಸು ಕಾರು ಬರುವ ರಸ್ತೆಯಲ್ಲಿ ಮಾತ್ರ ಅದು ಕೂಡದು. ಬೆಟ್ಟದ ರಸ್ತೆ ಬಳಸಿ ಬಳಸಿ ಹೋಗುವುದೂ ಇದಕ್ಕೇ. ದೊಡ್ಡ ದೇವರಾಜ ಒಡೆಯರ ಕಾಲದ ಮೆಟ್ಟಿಲುಗಳು ನೆಟ್ಟಗೆ ಏರುತ್ತವೆ, ರಸ್ತೆ ಸುತ್ತಿ ಏರುತ್ತದೆ. ತಲುಪುವುದು ಒಂದೇ ನೆತ್ತಿ.

ಜಗತ್ತಿನ ದೊಡ್ಡ ಸೈಕಲ್ ಸ್ಪರ್ಧೆಯಾದ ಟೂರ್ ದ ಫ್ರಾನ್ಸ್ 1910ರಲ್ಲೇ ಪಿರೆನೀಸ್ ಪರ್ವತದ ಎತ್ತರದ ಕಣಿವೆಗಳನ್ನು ಹತ್ತಿಸಿತು. ಓಡುತ್ತಿರುವಾಗಲೇ ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಗೇರಿಗೆ ಅಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರವನ್ನೇ ಕಳಚಿ ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಮೇಲೆ ಹೋದ ಮೇಲೆ ಮತ್ತೆ ಅದೇ ಕೆಲಸ.

ನಮ್ಮ ಕಡೆಯವರಿಗೆ ಹತ್ತಿರದ ಕಠಿಣ ಪರೀಕ್ಷೆಯೆಂದರೆ ಮಸಿನಗುಡಿಯಿಂದ ಊಟಿಗೆ ಏರುವ ಕಲ್ಹಟ್ಟಿ ಘಾಟಿ. ಕೂದಲಪಿನ್ನಿನಂತೆ ಮಡಚಿದ 36 ತಿರುವುಗಳು. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಸೈಕಲ್ ಯಾತ್ರೆಯಲ್ಲಿ ಹೆಚ್ಚು ಮಾತಿಗೆ ಬರುವುದು ಈ ಏರೇ. ಅಲ್ಲಿ ಪಳಗಿದ ಸವಾರರೂ ಇಳಿದು ತಳ್ಳುವುದುಂಟು. ತಳ್ಳುವುದರಲ್ಲಿ ಅವಮಾನವಿಲ್ಲ. ಏರಿನ ಸದ್ಗುಣ ಅದು: ಸುಸ್ತಾದವನನ್ನು ಅದು ತಾನೇ ನಿಲ್ಲಿಸುತ್ತದೆ. ಗಂಟೆಗೆ ಆರು ಕಿಲೋಮೀಟರ್ ವೇಗದಲ್ಲಿ ವಾಲಿದರೆ ಕಾಲೂರಿದರೆ ಮುಗಿಯಿತು. ಹೃದ್ರೋಗವೋ ಉಬ್ಬಸವೋ ಇರುವ ಮಕ್ಕಳ ಮಾತು ಬೇರೆ, ಅವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಉಳಿದವರ ಎದೆಗೆ ಏನೂ ಆಗುವುದಿಲ್ಲ, ತಾಯಂದಿರು ನಿಶ್ಚಿಂತೆಯಾಗಿರಬಹುದು.

ಇನ್ನು ತಂದೆ ಹೇಳಿದ “ಸುಮ್ನೆ ಕೂತ್ಕಂಡು” ಬರುವ ಇಳಿಜಾರಿಗೆ ಬರೋಣ.

ಹತ್ತುವಾಗ ಗಳಿಸಿದ ಎರಡು ಲಕ್ಷ ಜೂಲ್ ಎಲ್ಲಿಗೂ ಹೋಗಿಲ್ಲ. ಎತ್ತರದ ರೂಪದಲ್ಲಿ ಹುಡುಗನ ಬಳಿಯೇ ಇದೆ. ಕೆಳಗೆ ಬರುವಷ್ಟರಲ್ಲಿ ಅಷ್ಟನ್ನೂ ಯಾರಿಗಾದರೂ ಕೊಟ್ಟು ಮುಗಿಸಬೇಕು. ಗಾಳಿಯೂ ಘರ್ಷಣೆಯೂ ಬ್ರೇಕೂ ಇಲ್ಲವೆಂದು ಊಹಿಸಿದರೆ ಬುಡದಲ್ಲಿ ವೇಗ ಗಂಟೆಗೆ ಸುಮಾರು 275 ಕಿಲೋಮೀಟರ್ ಆಗುತ್ತದೆ. ಹತ್ತನೇ ತರಗತಿಯ ವಿದ್ಯಾರ್ಥಿ ಸೂತ್ರಕ್ಕೆ ಅಂಕಿ ಹಾಕಿ ತಾಳೆ ನೋಡಬಹುದು. ಪುಣ್ಯಕ್ಕೆ ಗಾಳಿ ಇದೆ. ಆದರೆ ಗಾಳಿ ಜೋರಾಗಿ ತಡೆಯುವುದು ವೇಗ ಹೆಚ್ಚಿದ ಮೇಲೆಯೇ. ನೂರಕ್ಕೆ ಹತ್ತು ಮೀಟರ್ ಇಳಿಯುವ ಕಡೆ, ನೆಟ್ಟಗೆ ಕುಳಿತವನನ್ನೂ ಅದು ಗಂಟೆಗೆ 45ರಿಂದ 50 ಕಿಲೋಮೀಟರ್‌ವರೆಗೆ ಓಡಲು ಬಿಡುತ್ತದೆ. ಮಿಕ್ಕದ್ದು ಬ್ರೇಕಿನ ಪಾಲು. ಎರಡು ಲಕ್ಷ ಜೂಲ್ ಎಂದರೆ ಮುಕ್ಕಾಲು ಲೀಟರಿಗೆ ತುಸು ಕಡಿಮೆ ತಣ್ಣೀರನ್ನು ಕುದಿಬಿಂದುವಿಗೆ ತರುವಷ್ಟು ಶಾಖ. ಆರು ಲೋಟ ಟೀ ಕಾಯಿಸುವ ಬಿಸಿಯನ್ನು ಬೆಂಕಿಪೊಟ್ಟಣದಷ್ಟೂ ದೊಡ್ಡದಲ್ಲದ ನಾಲ್ಕು ರಬ್ಬರ್ ತುಂಡುಗಳು, ಎರಡು ರಿಮ್ಮುಗಳು ಗಾಳಿಯೊಂದಿಗೆ ಹಂಚಿಕೊಳ್ಳಬೇಕು. ನಲವತ್ತು ನಿಮಿಷ ಹತ್ತಿದ್ದು ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಶಕ್ತಿ ಬಂದದ್ದಕ್ಕಿಂತ ನಾಲ್ಕು ಪಟ್ಟು ಅವಸರದಲ್ಲಿ ಹೋಗಬೇಕು.

ಲಾರಿ, ಬಸ್ಸು ಘಾಟಿಯಲ್ಲಿ ಇಳಿಯುವಾಗ ಚಾಲಕ ಕೆಳಗೇರು ಹಾಕುತ್ತಾನೆ, ಎಂಜಿನ್ನೇ ಹಿಡಿದು ನಿಲ್ಲಿಸುತ್ತದೆ. ಸೈಕಲ್ಲಿಗೆ ಆ ಭಾಗ್ಯವಿಲ್ಲ. ಪೆಡಲು ನಿಂತರೂ ಚಕ್ರ ಓಡಲೆಂದು ಇಟ್ಟಿರುವ ಫ್ರೀವೀಲು ಸಮತಟ್ಟಿನಲ್ಲಿ ವರ, ಬೆಟ್ಟದಲ್ಲಿ ಅಲ್ಲ.

ತಿರುವಿನಲ್ಲಿ ಲೆಕ್ಕ ಇನ್ನೂ ಬಿಗಿ. ಹತ್ತು ಮೀಟರ್ ತ್ರಿಜ್ಯದ ತಿರುವನ್ನು 20 ಕಿಲೋಮೀಟರ್ ವೇಗದಲ್ಲಿ ದಾಟಲು ಸವಾರ 17-18 ಡಿಗ್ರಿ ವಾಲಿದರೆ ಸಾಕು. ವೇಗ 40 ಆದರೆ 50 ಡಿಗ್ರಿ ದಾಟಬೇಕು. ಒಣ ಡಾಂಬರಿನಲ್ಲೂ ಮಾಮೂಲಿ ಟೈರು ಅಷ್ಟಕ್ಕೆ ಕಚ್ಚಿ ನಿಲ್ಲದು. ಮರಳೋ ತರಗೆಲೆಯೋ ಮಳೆಯ ತೇವವೋ ಇದ್ದರೆ ಕೇಳುವುದೇ ಬೇಡ. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಹೀಗಾಗಿ ಬ್ರೇಕು ಹಿಡಿಯಬೇಕಾದದ್ದು ತಿರುವಿಗೆ ಮುಂಚೆ, ತಿರುವಿನೊಳಗೆ ಅಲ್ಲ.

ಇದು ಹುಡುಗರಿಗೆ ಮಾತ್ರ ಹೇಳುವ ಮಾತಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಇಟಲಿಯ ಫಾಬಿಯೊ ಕಸಾರ್ತೆಲ್ಲಿ 1995ರ ಟೂರ್ ದ ಫ್ರಾನ್ಸ್‌ನಲ್ಲಿ ಇಳಿಜಾರಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡರು. ಹೆಲ್ಮೆಟ್ ಇರಲಿಲ್ಲ. ಸ್ವಿಟ್ಸರ್ಲೆಂಡಿನ ಗೀನೊ ಮೇಡರ್ 2023ರ ಜೂನ್‌ನಲ್ಲಿ ತಮ್ಮ ದೇಶದ ಸ್ಪರ್ಧೆಯಲ್ಲೇ ಆಲ್ಬುಲಾ ಕಣಿವೆ ಇಳಿಯುವಾಗ ಕಂದಕಕ್ಕೆ ಬಿದ್ದು ಮರುದಿನ ಅಸುನೀಗಿದರು. ಅವರಿಗೆ ಹೆಲ್ಮೆಟ್ ಇತ್ತು. ಇಬ್ಬರೂ ಹತ್ತುವಾಗ ಬಿದ್ದವರಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ 2003ರಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿದಾಗಲೂ, ಕಡೆಯಲ್ಲಿ ಬರುವ ಉದ್ದನೆಯ ಏರಿನಲ್ಲಿ ಅದನ್ನು ತೆಗೆದಿಡಲು ಮೊದಮೊದಲು ಬಿಟ್ಟಿತ್ತು, ಇಳಿಯುವಾಗ ಬಿಡಲಿಲ್ಲ. ಹ್ಯಾಂಡಲ್ ಮೇಲೆ ಎದೆಯೊರಗಿಸಿ, ಸೀಟು ಬಿಟ್ಟು ಸೈಕಲ್ಲಿನ ಅಡ್ಡಕಂಬಿಯ ಮೇಲೆ ಕುಳಿತು ಇಳಿಯುವ ಭಂಗಿಯನ್ನು 2021ರಲ್ಲಿ ಅದೇ ಸಂಸ್ಥೆ ನಿಷೇಧಿಸಿತು. ಮೊಬೈಲಿನಲ್ಲಿ ಹಳೆಯ ವಿಡಿಯೊ ನೋಡಿ ಅದನ್ನು ಅನುಕರಿಸುವ ಮಕ್ಕಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಆ ಸವಾರರಿಂದ ಕಲಿಯಬಹುದಾದ ಒಂದು ಅಗ್ಗದ ಉಪಾಯವಿದೆ. ಬೆಟ್ಟದ ನೆತ್ತಿಯಲ್ಲಿ ಅವರು ದಿನಪತ್ರಿಕೆಯ ಹಾಳೆಯನ್ನು ಅಂಗಿಯೊಳಗೆ ಎದೆಗೆ ಸಿಕ್ಕಿಸಿಕೊಂಡು ಇಳಿಯುತ್ತಿದ್ದರು. ಬೆವೆತ ಮೈಗೆ ಚಳಿಗಾಳಿ ಹೊಡೆದು ಬೆರಳು ಮರಗಟ್ಟಿದರೆ ಬ್ರೇಕು ಹಿಡಿಯುವುದು ಹೇಗೆ? ಮಾಗಿಯ ಮುಂಜಾವಿನಲ್ಲಿ ಚಾಮುಂಡಿ ಬೆಟ್ಟ ಇಳಿಯುವವರಿಗೂ ಇದು ಸಲ್ಲುತ್ತದೆ. ಪತ್ರಿಕೆಯನ್ನು ಓದಿ ಮುಗಿಸಿದ ಮೇಲೆ, ಅಷ್ಟೆ.

ಈಗ ಊರಿನ ಸೈಕಲ್ಲುಗಳ ಕಡೆ ನೋಡಿ. ಹೊರಡುವ ಮುಂಚೆ ಹೆಬ್ಬೆರಳಿನಿಂದ ಟೈರು ಒತ್ತಿ ಗಾಳಿ ನೋಡದವರಿಲ್ಲ. ಬ್ರೇಕು ಒತ್ತಿ ನೋಡುವವರು ಎಷ್ಟು ಜನ? ರಬ್ಬರು ಸವೆದು ಕಬ್ಬಿಣ ಕಿರುಗುಟ್ಟುವವರೆಗೂ ಗೊತ್ತಾಗುವುದಿಲ್ಲ. ಆಮೇಲೂ ಹವಾಯಿ ಚಪ್ಪಲಿಯನ್ನು ಚಕ್ರಕ್ಕೆ ಒತ್ತಿ ನಿಲ್ಲಿಸುವ ವಿದ್ಯೆ ಇದ್ದೇ ಇದೆ. ಮುಂದಿನ ಬ್ರೇಕು ಹಿಡಿದರೆ ಪಲ್ಟಿ ಹೊಡೆಯುತ್ತದೆಂದು ಅದನ್ನು ಕಳಚಿಟ್ಟವರೂ ಉಂಟು. ಇದು ಅರ್ಧ ಸತ್ಯ. ಇಳಿಜಾರಿನಲ್ಲಿ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನದು ಹಗುರಾಗಿ ಬೇಗ ಜಾರುತ್ತದೆ. ಮುಂದಿನದನ್ನು ಒಮ್ಮೆಲೇ ಬಿಗಿಹಿಡಿದರೆ ಪಲ್ಟಿ ಖಂಡಿತ. ಮೈಯನ್ನು ಹಿಂದಕ್ಕೆ ಸರಿಸಿ, ಎರಡನ್ನೂ ಸೇರಿಸಿ ಮೆಲ್ಲಗೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿದರೆ ಅದೇ ಕಾಪಾಡುವುದು. ಸ್ಟೀಲ್ ರಿಮ್ಮು ಮಳೆಯಲ್ಲಿ ನೆನೆದರೆ ರಬ್ಬರು ಹಿಡಿಯುವುದೇ ಇಲ್ಲ. ಅಂಥ ದಿನ ಬೆಟ್ಟದ ಮೇಲಿಂದ ತಳ್ಳಿಕೊಂಡು ಬರಬೇಕು. ಸುಸ್ತಾದರೆ ತಳ್ಳು ಎಂದು ತಾಯಿ ಹೇಳಿದ್ದು ಸರಿಯೇ, ಹೇಳಬೇಕಾದ ಕಡೆ ಮಾತ್ರ ಬೇರೆ.

ಬ್ರೇಕು ಎಷ್ಟು ದುಡಿಯುತ್ತದೆಂದು ತಿಳಿಯಲು ಪ್ರಯೋಗಾಲಯ ಬೇಡ. ಬೆಟ್ಟದ ಬುಡಕ್ಕೆ ಬಂದು, ರಸ್ತೆ ಪಕ್ಕಕ್ಕೆ ಸರಿದು ನಿಂತು, ರಿಮ್ಮಿನ ಮೇಲೆ ಒಂದು ಹನಿ ನೀರು ಬಿಟ್ಟು ಆರುವುದನ್ನು ನೋಡಿದರೆ ಸಾಕು. ಡಿಸ್ಕ್ ಬ್ರೇಕಿನ ಸೈಕಲ್ಲಾದರೆ ತಟ್ಟೆಯನ್ನು ಬೆರಳಿನಿಂದ ಮುಟ್ಟಬಾರದು. ಸುಡುತ್ತದೆ.